ನಾವಿಬ್ಬರು ಎನ್ನಲು ಒಂದು ಪದ

ಡ್ಯಾನ್ಯೂಬ್ ನದಿಯ ದಡದಲ್ಲಿ ಅನ್ಸಿಲ ಎಂಬ ಗುರುವಿದ್ದ. ಗೋಥ್ ಎಂಬ ಜನಾಂಗದವನು.

ಆ ಜನರ ಮಾತಿಗೆ ಅಕ್ಷರ ಬಂದು ಆಗ ಒಂದು ತಲೆಮಾರಷ್ಟೇ ಕಳೆದಿತ್ತು. ಹೆಚ್ಚಿನ ಅಕ್ಷರಗಳು ಗ್ರೀಕರಿಂದ ಬಂದಿದ್ದವು, ಕೆಲವು ರೋಮನರಿಂದ, ಒಂದೆರಡು ಅಜ್ಜಂದಿರು ಮರದ ಮೇಲೆ ಕೆತ್ತುತ್ತಿದ್ದ ಗೆರೆಗಳಿಂದ. ಅನ್ಸಿಲ ಅವನ್ನು ಕಲಿಸುತ್ತಿದ್ದ.

ಅವನ ಶಿಷ್ಯ ರಾನಿಲನಿಗೆ ಮೂವತ್ತು ದಾಟಿತ್ತು. ದೊಡ್ಡ ಪಟ್ಟಣದಲ್ಲಿ ಗ್ರೀಕ್ ಓದಿ ಬಂದಿದ್ದ. ತಾಯಿಯ ಮಾತನ್ನು ಬರೆಯಲು ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಗುರುವಿನ ಬಳಿ ಬಂದಿದ್ದ.

ಒಂದು ದಿನ ಗಡಿ ಕಾಯುವ ರೋಮನ್ ಅಧಿಕಾರಿಯಿಂದ ಊರಿಗೆ ಆಜ್ಞೆ ಬಂತು. "ನೀವು ಎಲ್ಲಿಂದ ಬಂದವರು? ನಿಮ್ಮಲ್ಲಿ ಅಪ್ಪಟ ಗೋಥರು ಯಾರು, ಬೆರಕೆ ಯಾರು? ಬರೆದು ಕೊಡಿ. ಅಪ್ಪಟ ಮನೆಗಳು ಈ ದಡದಲ್ಲೇ ಇರಲಿ. ಉಳಿದವರು ದೂರದ ಬೆಟ್ಟದ ಬುಡಕ್ಕೆ ಹೋಗಬೇಕು."

ಹಿರಿಯರು ಆ ಕೆಲಸವನ್ನು ರಾನಿಲನಿಗೆ ಒಪ್ಪಿಸಿದರು.

ಅವನು ಗುರುವನ್ನು ಕೇಳಿದ. "ಗುರುಗಳೇ, ನಾವು ಎಲ್ಲಿಂದ ಬಂದವರು?"

"ನನ್ನನ್ನೇಕೆ ಕೇಳುತ್ತೀ? ಅರವತ್ತು ಮನೆಗಳಿವೆ. ಕೇಳಿಕೊಂಡು ಬಾ."

ರಾನಿಲ ಹೊರಟ.

ಮೊದಲು ಸಿಕ್ಕವನು ದೋಣಿ ನಡೆಸುವ ಮುದುಕ ಗುತಿಲ. "ಉತ್ತರದಲ್ಲಿ ತಣ್ಣನೆಯ ಸಮುದ್ರವಿದೆಯಂತೆ. ಅದರಾಚೆಯಿಂದ ಮೂರು ಹಡಗಿನಲ್ಲಿ ಬಂದೆವಂತೆ. ನಮ್ಮಜ್ಜ ಹೇಳುತ್ತಿದ್ದ. ಅವನಿಗೆ ಅವನ ಅಜ್ಜ ಹೇಳಿದ್ದ."

ಕುದುರೆ ಸಾಕುವವನು ನಕ್ಕ. "ಹಡಗೆಲ್ಲಿಯದು? ನಾವು ಹುಲ್ಲುಗಾವಲಿನವರು. ಕಪ್ಪು ಸಮುದ್ರದ ಮೇಲ್ಗಡೆಯಿಂದ ಬಂದವರು."

ರೊಟ್ಟಿ ಸುಡುವ ಮುದುಕಿ ಹಿಲ್ದೊ ಹಿಟ್ಟಿನ ಕೈ ಒರೆಸಿಕೊಂಡು ಹೇಳಿದಳು. "ನನ್ನ ಅಜ್ಜಿಯನ್ನು ಕಡಲಾಚೆಯ ಕಪದೋಕಿಯ ಸೀಮೆಯಿಂದ ಕೈಕಟ್ಟಿ ಹಿಡಿದು ತಂದರು ಮಗಾ. ತಂದವರು ನಿಮ್ಮ ಅಜ್ಜಂದಿರೇ. ಮೊದಲನೇ ವರ್ಷ ಗ್ರೀಕಿನಲ್ಲಿ ಅತ್ತಳಂತೆ. ಎರಡನೇ ವರ್ಷ ಗೋಥ್ ಮಾತಿನಲ್ಲಿ ಬೈದಳಂತೆ."

ಅಂಥ ಮನೆಗಳು ಇನ್ನೂ ಹಲವು ಸಿಕ್ಕವು.

ರಾನಿಲ ಎರಡು ಪಟ್ಟಿ ಬರೆದ. ಮೊದಲನೆಯದರಲ್ಲಿ ಅಪ್ಪಟ ಮನೆ ನಲವತ್ತೆರಡು, ಎರಡನೆಯದರಲ್ಲಿ ಬೆರಕೆ ಮನೆ ಹದಿನೇಳು. ಗುರುವಿನ ಮುಂದೆ ತಂದಿಟ್ಟ.

ಅನ್ಸಿಲ ನಿಧಾನವಾಗಿ ಓದಿದ. "ಅಕ್ಷರಗಳು ಚೆನ್ನಾಗಿ ಕೂತಿವೆ. ಆದರೆ ಎರಡನೇ ಪಟ್ಟಿಯಲ್ಲಿ ಒಂದು ಮನೆ ಬಿಟ್ಟುಹೋಗಿದೆ."

"ಯಾರದ್ದು ಗುರುಗಳೇ?"

"ಬರೆದುಕೋ. ಅನ್ಸಿಲ."

ರಾನಿಲ ತಲೆಯೆತ್ತಿದ.

"ನನ್ನ ಮುತ್ತಜ್ಜ ಕಪದೋಕಿಯದಲ್ಲಿ ಮಡಕೆ ಮಾಡುತ್ತಿದ್ದ. ಅವನನ್ನೂ ಹಾಗೆಯೇ ಹಿಡಿದು ತಂದರು."

"ನೀವು! ಈ ಊರಲ್ಲಿ ನಿಮ್ಮಷ್ಟು ಚೆನ್ನಾಗಿ ಗೋಥ್ ಮಾತು ಬಲ್ಲವರು ಯಾರಿದ್ದಾರೆ?"

"ಹಿಲ್ದೊ ಇದ್ದಾಳೆ. ಅವಳ ಅಜ್ಜಿ ಇಲ್ಲಿ ಮೊದಲು ಕಲಿತ ಪದ ಯಾವುದೆಂದು ಕೇಳಿಕೊಂಡು ಬಾ."

ಹಿಲ್ದೊ ಬೀಸುಕಲ್ಲಿನ ಮುಂದೆ ಕೂತಿದ್ದಳು. ಪ್ರಶ್ನೆ ಕೇಳಿ ಬೀಸುವುದನ್ನು ನಿಲ್ಲಿಸಿದಳು.

"ವಿತ್," ಎಂದಳು.

"ನಾವಿಬ್ಬರು?"

"ಹೂಂ. ಅಜ್ಜಿಯನ್ನು ತಂದು ಬೀಸುಕಲ್ಲಿಗೆ ಕೂರಿಸಿದರು. ಎದುರಿಗೆ ಆ ಮನೆಯ ಸೊಸೆ. ಒಂದೇ ಗೂಟ, ಎರಡು ಕೈ. ಅಜ್ಜಿಗೆ ಒಂದು ಮಾತೂ ತಿಳಿಯದು. ಅಳುತ್ತಲೇ ಬೀಸಿದಳು. ಆ ಸೊಸೆ ಬೀಸುವುದು ನಿಲ್ಲಿಸಿ, ತನ್ನ ಎದೆ ಮುಟ್ಟಿಕೊಂಡಳು, ಅಜ್ಜಿಯ ಎದೆ ಮುಟ್ಟಿದಳು. 'ವಿತ್' ಅಂದಳು. ಅಜ್ಜಿ ತಿರುಗಿ 'ವಿತ್' ಅಂದಳು. ಆಮೇಲೆ ಹಿಟ್ಟು, ನೀರು, ಹೆಸರು ಎಲ್ಲ ಕಲಿತಳು. ಮೊದಲು ಕಲಿತದ್ದು ಅದು."

ರಾನಿಲ ಅಲ್ಲೇ ನೆಲದ ಮೇಲೆ ಕೂತ. ಪಟ್ಟಣದಲ್ಲಿ ಅವನು ಆಡಿದ ಗ್ರೀಕಿನಲ್ಲಿ ಇಬ್ಬರಿದ್ದರೂ ನಾವು, ಇಡೀ ಸೈನ್ಯವಿದ್ದರೂ ನಾವು. ಇಬ್ಬರಿಗೆಂದೇ ಬೇರೆ ಪದವಿಲ್ಲ. ತಾಯಿ ದಿನಾ ಆಡುತ್ತಿದ್ದ ಈ ಪುಟ್ಟ ಪದವನ್ನು ಅವನು ಅಂದಿನವರೆಗೆ ಕಿವಿಗೊಟ್ಟು ಕೇಳಿರಲಿಲ್ಲ. ಕಣ್ಣು ತುಂಬಿ ಬಂತು.

"ಅಮ್ಮಾ, ನಿಮ್ಮ ಹೆಸರನ್ನು ಎರಡನೇ ಪಟ್ಟಿಯಲ್ಲಿ ಬರೆದಿದ್ದೇನೆ."

"ಗೊತ್ತು ಮಗಾ. ಸುಳ್ಳೇನೂ ಬರೆದಿಲ್ಲವಲ್ಲ," ಎಂದಳು ಹಿಲ್ದೊ. ಮತ್ತೆ ಬೀಸತೊಡಗಿದಳು.

ರಾನಿಲ ಊರಿನವರನ್ನು ಸೇರಿಸಿದ. ಎರಡೂ ಪಟ್ಟಿಗಳನ್ನು ಓದಿದ. "ಇದನ್ನು ಕೊಡಲು ನನಗೆ ಮನಸ್ಸಿಲ್ಲ. ಒಂದೇ ಪಟ್ಟಿ ಕೊಟ್ಟರೆ ಎಲ್ಲರನ್ನೂ ಈ ದಡದಿಂದ ಎಬ್ಬಿಸಬಹುದು. ನೀವೇ ಹೇಳಿ," ಎಂದ.

ಈ ದಡದ ಮಣ್ಣು ಒಳ್ಳೆಯದು. ಬೆಟ್ಟದ ಬುಡದಲ್ಲಿ ಬರೀ ಕಲ್ಲು. ಎಲ್ಲರಿಗೂ ಗೊತ್ತಿತ್ತು.

ಕೊನೆಗೆ ಗುತಿಲ ಎದ್ದ. "ನಾನು ಮೂರು ಹಡಗಿನವರ ಮೊಮ್ಮಗ. ಹುಟ್ಟಿದ್ದು ದೋಣಿಯಲ್ಲಿ, ಬದುಕಿದ್ದು ದೋಣಿಯಲ್ಲಿ. ಬೆಟ್ಟದಲ್ಲಿ ನನಗೇನು ಕೆಲಸ?" ಅವನು ಒಮ್ಮೆ ಹೊಳೆಯತ್ತ ನೋಡಿದ. "ಆದರೂ ನನ್ನ ಹೆಂಡತಿ ಸತ್ತ ವಾರವೆಲ್ಲ ನನಗೆ ರೊಟ್ಟಿ ಕೊಟ್ಟವಳು ಹಿಲ್ದೊ. ನನ್ನ ಹೆಸರಿನ ಕೆಳಗೇ ಅವಳ ಹೆಸರು ಬರೆ."

ಕುದುರೆಯವನೂ ತಲೆಯಾಡಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಒಪ್ಪಿದರು. ಒಪ್ಪುವಾಗ ಕೆಲವರು ಅತ್ತರು.

ಅಧಿಕಾರಿ ಬಂದ. ಹಾಳೆ ತಿರುಗಿಸಿ ನೋಡಿದ. "ಇಲ್ಲಿ ಒಂದೇ ಪಟ್ಟಿ ಇದೆ."

"ಇರುವುದೇ ಒಂದು," ಎಂದ ರಾನಿಲ.

"ನೀವೆಲ್ಲ ಎಲ್ಲಿಂದ ಬಂದವರು?"

"ಹಡಗಿನಿಂದ ಬಂದವರಿದ್ದಾರೆ. ಹುಲ್ಲುಗಾವಲಿನಿಂದ ಬಂದವರಿದ್ದಾರೆ. ಕೈಕಟ್ಟಿಸಿಕೊಂಡು ಬಂದವರಿದ್ದಾರೆ. ಮಾತು ಒಂದೇ."

"ಹಾಗಾದರೆ ದಾರಿಯೂ ಒಂದೇ. ಎಲ್ಲರೂ ಹೊರಡಿ."

ನಾಲ್ಕನೇ ದಿನ ಅರವತ್ತು ಮನೆಗಳ ಗಾಡಿಗಳು ಹೊರಟವು. ಬೀಸುಕಲ್ಲು, ತೊಟ್ಟಿಲು, ಕೋಳಿ, ಬಿತ್ತನೆಯ ಕಾಳು. ಗುತಿಲ ದೋಣಿಯನ್ನು ದಡಕ್ಕೆ ಎಳೆದು ಬೋರಲು ಹಾಕಿ ಬಂದ. ಹಿಲ್ದೊ ಅವನಿಗೆ ತನ್ನ ಗಾಡಿಯಲ್ಲಿ ಜಾಗ ಮಾಡಿಕೊಟ್ಟಳು.

ಆರು ದಿನ ನಡೆದರು. ಏಳನೇ ದಿನ ಬೆಳಿಗ್ಗೆ ಬೆಟ್ಟಗಳು ಕಂಡವು. ನೆಲ ಎಲ್ಲರೂ ತಿಳಿದಿದ್ದಂತೆ ಬರೀ ಕಲ್ಲು.

ರಾನಿಲ ಗುರುವಿನ ಪಕ್ಕದಲ್ಲಿ ನಡೆಯುತ್ತಿದ್ದ. ಕೇಳಿದ.

"ಗುರುಗಳೇ, ಇಷ್ಟು ಜನರ ಹೊಲ ಮನೆ ಹೋಯಿತು. ನಾನು ತಪ್ಪು ಮಾಡಿದೆನೇ?"

ಅನ್ಸಿಲ ನಿಂತ. ಬಿಸಿಲಿಗೆ ಕೈ ಅಡ್ಡ ಹಿಡಿದು ಮುಂದೆ ನೋಡಿದ.

"ಅಗೋ, ಆ ಗುಡ್ಡಕ್ಕೆ ನಮ್ಮ ಮಾತಿನಲ್ಲಿ ಇನ್ನೂ ಹೆಸರಿಲ್ಲ. ಏನೆಂದು ಕರೆಯೋಣ?"