ಬಸಳೆಯ ಗೋಣಿ, ಸುಂಡವ್ವನ ಛೀ ಛೀ

ಬೆಟ್ಟದ ಮೇಲೆ ಒಂದು ಊರು. ಚಳಿ ಅಂದರೆ ಚಳಿ ಇರುವ ಊರು. ಅಲ್ಲೊಂದು ಸುಂಡಿಲಿ. ಉದ್ದ ಮೂತಿ, ಚೂರೇ ಚೂರು ಕಣ್ಣು. ಹೆಸರು ಸುಂಡವ್ವ. ಏನು ಹೇಳುವುದಿದ್ದರೂ ಅವಳು ಮೊದಲು "ಛೀ ಛೀ" ಅನ್ನುವಳು. ಸುಂಡಿಲಿಯ ಗಂಟಲೇ ಹಾಗೆ.

ಸುಂಡವ್ವ ಬೆಟ್ಟದವಳಲ್ಲ. ಕೆಳಗಿನವಳು, ಕಡಲ ಕಡೆಯವಳು. ಸೊಪ್ಪಿನ ಬುಟ್ಟಿಯಲ್ಲಿ ನಿದ್ದೆಹೋದಳು. ಬುಟ್ಟಿ ಬಸ್ಸು ಹತ್ತಿತು. ಎದ್ದು ನೋಡಿದರೆ ಬೆಟ್ಟ! ಬುಟ್ಟಿಯಿಂದ ಅವಳೂ ಬಿದ್ದಳು, ಒಂದು ಬಸಳೆ ದಂಟೂ ಬಿತ್ತು. ದಂಟನ್ನು ಆ ಊರಿನ ಜವರಣ್ಣನ ಮನೆ ಹಿತ್ತಲಲ್ಲಿ ನೆಟ್ಟಳು.

ಮಳೆಗಾಲ ಬಂತು. ಬುಡಕ್ಕೆ ಮಣ್ಣು ಏರಿಸಿದಳು. ಬಸಳೆ ಚಿಗುರಿತು.

ಚಳಿಗಾಲ ಬಂತು. ಆ ಊರಲ್ಲಿ ಚಳಿಗೆ ಇಬ್ಬನಿಯೂ ಗಟ್ಟಿಯಾಗುತ್ತದೆ. ಬೆಳ್ಳಗೆ ಹಿಮವಾಗುತ್ತದೆ. ಹಿಮ ಕೂತ ಎಲೆ ಸುಟ್ಟ ಹಾಗೆ ಕಪ್ಪಾಗುತ್ತದೆ. ಅದಕ್ಕೇ ಸುಂಡವ್ವ ಒಂದು ಗೋಣಿ ತುಂಡು ಹುಡುಕಿ ತಂದಳು. ಸಂಜೆ ಬಸಳೆಗೆ ಹೊದಿಸುವಳು. ಬೆಳಿಗ್ಗೆ ತೆಗೆಯುವಳು. ಬಿಸಿಲಲ್ಲಿ ಒಣಗಿಸುವಳು. ಸಂಜೆ ಮತ್ತೆ ಹೊದಿಸುವಳು.

ಒಂದು ದಿನ ನೋಡುತ್ತಾಳೆ, ಗೋಣಿ ಇಲ್ಲ!

ಎಲ್ಲಿ? ಬಟ್ಟೆ ಒಣಹಾಕುವ ಹಗ್ಗದ ಕೆಳಗೆ. ಗೋಣಿಯ ಮೇಲೆ ಯಾರು? ಬೊಗ್ಗ. ಜವರಣ್ಣನ ನಾಯಿ.

"ಛೀ ಛೀ! ಬೊಗ್ಗಣ್ಣ, ಏಳು! ಅದು ಬಸಳೆಯ ಗೋಣಿ. ಗೋಣಿ ಇಲ್ಲದೆ ಬಸಳೆ ಉಳಿಯಲ್ಲ. ಹೊತ್ತು ಮುಳುಗಲು ತಡವಿಲ್ಲ!"

ಬೊಗ್ಗ ಒಂದು ಕಣ್ಣು ತೆರೆದ. "ಏಳಲ್ಲ ಹೋಗು. ಹೊಟ್ಟೆಗೆ ಬೆಚ್ಚಗಿದೆ."

ಸುಂಡವ್ವನ ಮೀಸೆ ನೆಟ್ಟಗಾಯಿತು. "ಇದು ನ್ಯಾಯವಾ? ಮೈ ತುಂಬ ಕೂದಲು ಇರುವವನಿಗೆ ಗೋಣಿ. ಬರೀ ಮೈಯ ಬಸಳೆಗೆ ಹಿಮ. ತಡಿ, ಮಾಡ್ತೀನಿ!"

ಪುಟುಪುಟು ಜಗಲಿಗೆ ಹೋದಳು. ಅಲ್ಲಿ ಜವರಣ್ಣ ಬಿಸಿಲಿಗೆ ಬೆನ್ನು ಕಾಯಿಸುತ್ತ ಕೂತಿದ್ದ.

"ಛೀ ಛೀ! ಜವರಣ್ಣ, ನಾಯಿಗೆ ಗದರು! ನಾಯಿ ಗೋಣಿ ಬಿಡಲ್ಲ. ಗೋಣಿ ಇಲ್ಲದೆ ಬಸಳೆ ಉಳಿಯಲ್ಲ. ಹೊತ್ತು ಮುಳುಗಲು ತಡವಿಲ್ಲ!"

"ಯಾರಿಗೇ ಛೀ ಅಂತೀಯಾ, ಅಂಗೈಯಷ್ಟೂ ಇಲ್ಲ ನೀನು?" ಅಂದ ಜವರಣ್ಣ. "ಗದರಲ್ಲ ಹೋಗು. ಈಗ ತಾನೇ ಬೆನ್ನು ಬೆಚ್ಚಗಾಗಿದೆ."

"ಇದು ನ್ಯಾಯವಾ? ತಡಿ, ಮಾಡ್ತೀನಿ!"

ಪುಟುಪುಟು ಅಡುಗೆಮನೆಗೆ ಹೋದಳು. ಅಲ್ಲಿ ಜವರಣ್ಣನ ಹೆಂಡತಿ ಸಾಕಮ್ಮ ರೊಟ್ಟಿ ತಟ್ಟುತ್ತಿದ್ದಳು.

"ಛೀ ಛೀ! ಸಾಕಕ್ಕ, ಗಂಡನನ್ನು ಎಬ್ಬಿಸು! ಗಂಡ ನಾಯಿಗೆ ಗದರಲ್ಲ. ನಾಯಿ ಗೋಣಿ ಬಿಡಲ್ಲ. ಗೋಣಿ ಇಲ್ಲದೆ ಬಸಳೆ ಉಳಿಯಲ್ಲ. ಹೊತ್ತು ಮುಳುಗಲು ತಡವಿಲ್ಲ!"

"ನನ್ನ ರೊಟ್ಟಿಗೆ ಛೀ ಅಂದೆಯಾ?" ಅಂದಳು ಸಾಕಮ್ಮ. "ಎಬ್ಬಿಸಲ್ಲ ಹೋಗು. ಒಲೆ ಮುಂದೆ ಬೆಚ್ಚಗಿದ್ದೀನಿ."

"ಇವರಿಗೂ ಬೆಚ್ಚಗೆ, ಅವರಿಗೂ ಬೆಚ್ಚಗೆ! ಇದು ನ್ಯಾಯವಾ? ತಡಿ, ಮಾಡ್ತೀನಿ!"

ಕಿಟಕಿಯ ಬಿಸಿಲು ಗೋಡೆ ಹತ್ತಿತ್ತು. ಪುಟುಪುಟು ನಡುಮನೆಗೆ ಓಡಿದಳು. ಅಲ್ಲಿ ಸಾಕಮ್ಮನ ಅತ್ತೆ ದೊಡ್ಡವ್ವ ಮಗುವಿನ ತೊಟ್ಟಿಲು ತೂಗುತ್ತಿದ್ದಳು.

"ಛೀ ಛೀ! ದೊಡ್ಡವ್ವ, ಸೊಸೆಗೆ ಹೇಳು! ಸೊಸೆ ಗಂಡನನ್ನು ಎಬ್ಬಿಸಲ್ಲ. ಗಂಡ ನಾಯಿಗೆ ಗದರಲ್ಲ. ನಾಯಿ ಗೋಣಿ ಬಿಡಲ್ಲ. ಗೋಣಿ ಇಲ್ಲದೆ ಬಸಳೆ ಉಳಿಯಲ್ಲ. ಹೊತ್ತು ಮುಳುಗಲು ತಡವಿಲ್ಲ!"

ದೊಡ್ಡವ್ವನಿಗೆ ಕಿವಿ ಸ್ವಲ್ಪ ಮಂದ. "ಏನು, ಬಸ್ಸು ಹೋಯಿತಾ? ಹೋಗಲಿ ಬಿಡು. ನಾನೆಲ್ಲಿಗೆ ಹೋಗಬೇಕು? ಕಂಬಳಿಯೊಳಗೆ ಬೆಚ್ಚಗಿದ್ದೀನಿ."

"ಬಸ್ಸಲ್ಲ ದೊಡ್ಡವ್ವ, ಬಸಳೆ! ಬಸಳೆ!"

"ಹೋದ ಬಸ್ಸಿಗೆ ಇಷ್ಟು ಕೂಗ್ತಾರಾ?"

ಇನ್ನು ಯಾರಿದ್ದಾರೆ? ಯಾರೂ ಇಲ್ಲ. ತೊಟ್ಟಿಲಲ್ಲಿ ಮಗು ಇದೆ. ಮಗುವಿಗೆ ಮಾತೇ ಬರುವುದಿಲ್ಲ. ಆದರೂ ಸುಂಡವ್ವ ತೊಟ್ಟಿಲ ಹಗ್ಗ ಹತ್ತಿದಳು.

"ಛೀ ಛೀ! ಮಗುವೇ, ನೀನಾದರೂ ಕೇಳು! ದೊಡ್ಡವ್ವ ಸೊಸೆಗೆ ಹೇಳಲ್ಲ. ಸೊಸೆ ಗಂಡನನ್ನು ಎಬ್ಬಿಸಲ್ಲ. ಗಂಡ ನಾಯಿಗೆ ಗದರಲ್ಲ. ನಾಯಿ ಗೋಣಿ ಬಿಡಲ್ಲ. ಗೋಣಿ ಇಲ್ಲದೆ ಬಸಳೆ ಉಳಿಯಲ್ಲ. ಛೀ ಛೀ! ಛೀ ಛೀ!"

ಮಗು ಪೂರ್ತಿ ಕೇಳಿತು. ಅಷ್ಟು ಹೊತ್ತು ಕೇಳಿದ್ದು ಅದೊಂದೇ. ಆಮೇಲೆ ಬೊಚ್ಚು ಬಾಯಿ ತೆರೆಯಿತು.

"ಛೀ ಛೀ!" ಅಂದಿತು ಮಗು. ಗಟ್ಟಿಯಾಗಿ ಅಂದಿತು.

ದೊಡ್ಡವ್ವನಿಗೂ ಕೇಳಿಸಿತು! "ಅಯ್ಯೋ, ಮಗು ಛೀ ಛೀ ಮಾಡಿಕೊಂಡಿತು! ಏ ಸಾಕೀ, ಒಣಬಟ್ಟೆ ತಾರೇ!"

ದೊಡ್ಡವ್ವ ಸೊಸೆಗೆ ಹೇಳಿದಳು.

ಸೊಸೆ ಗಂಡನನ್ನು ಎಬ್ಬಿಸಿದಳು. "ಏಳಿ, ಏಳಿ! ನನ್ನ ಕೈಯೆಲ್ಲ ಹಿಟ್ಟು. ಹಗ್ಗದ ಮೇಲಿನ ಬಟ್ಟೆ ತನ್ನಿ!"

ಗಂಡ ಹಗ್ಗದ ಹತ್ತಿರ ಓಡಿದ. ಕಾಲಿಗೆ ನಾಯಿ ಸಿಕ್ಕಿತು. ಗಂಡ ನಾಯಿಗೆ ಗದರಿದ. "ಏಳೋ ಬೊಗ್ಗ! ದಾರಿಯಲ್ಲೇ ಮಲಗಬೇಕಾ ನಿನಗೆ?"

ನಾಯಿ ಗೋಣಿ ಬಿಟ್ಟಿತು.

ಗೋಣಿಯ ಮೂಲೆ ಕಚ್ಚಿ ಸುಂಡವ್ವ ಎಳೆದಳು. ಎಳೆದಳು, ಎಳೆದಳು. ಹೊತ್ತು ಬೇಲಿಯ ಹಿಂದೆ ಇಳಿಯಿತು. ಗೋಣಿ ಬಸಳೆಯ ಮೇಲೆ ಏರಿತು.

ಒಳಗೆ ದೊಡ್ಡವ್ವ ಮಗುವನ್ನು ಎತ್ತಿ ನೋಡಿದಳು. ಮಗುವಿನ ಬಟ್ಟೆ ಒಣಗಿಯೇ ಇತ್ತು. ತೊಟ್ಟಿಲೂ ಒಣಗಿತ್ತು. "ಮತ್ತೆ ಛೀ ಛೀ ಅಂದೆಯಲ್ಲೋ, ಕಳ್ಳ!" ಮಗು ಕಿಲಕಿಲ ನಕ್ಕಿತು.

ಬೆಳಿಗ್ಗೆ ಹುಲ್ಲು ಬಿಳಿ. ಬೇಲಿ ಬಿಳಿ. ಬೊಗ್ಗನ ಬಾಲದ ತುದಿಯೂ ಬಿಳಿ. ಗೋಣಿ ಎತ್ತಿದರೆ? ಬಸಳೆ ಹಸಿರು!

ಬೇಸಿಗೆ ಬಂತು. ಬಸಳೆ ಬೇಲಿ ಹತ್ತಿತು. ಸಾಕಮ್ಮ ಸೊಪ್ಪು ಕೊಯ್ದು ಸಾರು ಮಾಡಿದಳು. ಜವರಣ್ಣ ಎರಡು ಸಲ ಬಡಿಸಿಕೊಂಡ. "ಈ ಬಳ್ಳಿ ಯಾರು ನೆಟ್ಟಿದ್ದು?" ಅಂದ. ಮಗುವಿಗೆ ಮಾತ್ರ ಗೊತ್ತಿತ್ತು. "ಛೀ ಛೀ," ಅಂದಿತು ಮಗು.

"ಸಾರಿಗೆ ಛೀ ಅನ್ನಬಾರದು, ಕಂದ," ಅಂದಳು ಸಾಕಮ್ಮ.

ಬಸಳೆಯ ಬುಡದಲ್ಲಿ ಸುಂಡವ್ವನ ಮೀಸೆ ಮತ್ತೆ ನೆಟ್ಟಗಾಯಿತು. "ಛೀ ಛೀ! ನನ್ನ ಹೆಸರು ಸುಂಡವ್ವ!"

ಗೋಣಿ ಬಸಳೆಯ ಪಾಲಿಗೆ, ಕಂಬಳಿ ನಿಮ್ಮ ಪಾಲಿಗೆ. ಎಳೆದುಕೊಳ್ಳಿ, ಮಲಗಿ.