ಮನೆಮಾತಾದ ನಟರಿಗೆ ಶ್ರೀಗಳು ಆಡಿದ ಮಾತು

ಇರುವೆ ಸಾಲು ಕಂಡರೆ ಪಾದುಕೆ ಕೈಗೆತ್ತಿಕೊಂಡು ದಾಟುತ್ತಿದ್ದ ಹಳೇಕಣಗಿ ಮಠದ ಪೂಜ್ಯ ನಿರಂಜನ ಶ್ರೀಗಳು ಒಮ್ಮೆ ಸಿಟ್ಟಿನಿಂದ ನಡುಗಿಬಿಟ್ಟರು. ಯಾಕಿರಬಹುದು, ಊಹಿಸಿ ನೋಡೋಣ. ಪೂಜೆ ತಪ್ಪಿತೆಂದೇ? ಅಲ್ಲ. ಯಾರೋ ಬೈದರೆಂದೇ? ಅಲ್ಲವೇ ಅಲ್ಲ, ಬೈದವರಿಗೆ ಅವರು ಮಜ್ಜಿಗೆ ಕೊಡಿಸಿ ಕಳಿಸುತ್ತಿದ್ದರು.

ಅಂದು ಶ್ರೀಗಳು ದಾಸೋಹದ ಪಡಸಾಲೆಯಲ್ಲಿ ಬದನೆಕಾಯಿ ಹೆಚ್ಚುತ್ತ ಕುಳಿತಿದ್ದರು. ನಾಟಕ ಕಂಪನಿಯ ಹೆಸರಾಂತ ನಟ ಶಂಕ್ರಪ್ಪ ಬಾದವಾಡಗಿಯವರು ಕೆಂಡವಾಗಿ ಬಂದರು. ಇವರ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರಿಗಿಂತ ಮೊದಲು ‘ನಾಡಿನ ಮನೆಮಾತು’ ಎಂದು ಅಚ್ಚಾಗಲೇಬೇಕು. ಅಂಥವರಿಗೆ, ಬಡಿಸುವ ಮುದುಕಿ ನೀಲವ್ವ, “ಯಾವೂರಪ್ಪಾ ನಿಂದು? ಪಂಕ್ತಿಯೊಳಗ ಕೂಡು” ಅಂದಿದ್ದಳು. ತಮ್ಮನ್ನೇ ಗುರುತಿಸದ ಕುರುಡಿಯನ್ನು ಬಡಿಸಲು ನಿಲ್ಲಿಸಿದ ಇದೆಂಥ ಮಠ, ಆಕೆಯನ್ನು ಇಂದೇ ಹೊರಗೆ ಹಾಕಬೇಕು, ಇಲ್ಲವಾದರೆ ಮಠದ ಸಹಾಯಾರ್ಥ ನಾಟಕ ರದ್ದು ಎಂದು ನಟರು ಗುಡುಗಿದರು. ನೀಲವ್ವನಿಗೋ ಮಠ ಬಿಟ್ಟರೆ ಬೇರೆ ನೆಲೆಯೇ ಇರಲಿಲ್ಲ. ಸಾರಿನ ಬಕೆಟ್ಟು ಹಿಡಿದು ನಿಂತೇ ಇದ್ದಳು.

ಶ್ರೀಗಳು ಈಳಿಗೆಮಣೆ ಸರಿಸಿದರು. “ಮನೆಮಾತು ಅಂದ್ರ ಏನ್ರಿ, ಶಂಕ್ರಪ್ಪನವರ?”

ಯಾವ ಮನೆಗೆ ಹೋದರೂ ಜನರ ಬಾಯಲ್ಲಿ ತಮ್ಮ ಮಾತೇ ಇರುತ್ತದೆ, ಅದರ ಅರ್ಥ ಅಷ್ಟೇ ಎಂದು ನಟರು ಗತ್ತಿನಿಂದ ವಿವರಿಸಿದರು.

“ನೀಲವ್ವಾ, ನಿನ್ನ ಮನ್ಯಾಗ ಇವರ ಮಾತು ಏನಿತ್ತು, ಹೇಳು.”

ಶಂಕ್ರಪ್ಪನವರ ಹೆಸರು ಕಿವಿಗೆ ಬಿದ್ದಾಗಲೇ ಆಕೆ ಬಕೆಟ್ಟು ಕೆಳಗಿಟ್ಟಿದ್ದಳು. ಆಕೆಯ ಗಂಡ ಕಲ್ಲಪ್ಪ ಅದೇ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದವನು. ಪರದೆಯ ತೊಲೆ ಬಿದ್ದು ಅವನ ಸೊಂಟ ಮುರಿದಿತ್ತು.

“‘ನಾ ಬರ್ತೀನಿ ಕಲ್ಲಪ್ಪಾ, ಕೈ ಬಿಡೂದಿಲ್ಲ’ ಅಂದಿದ್ರಂತ. ಮೂರು ವರ್ಷ ಹಾಸಿಗ್ಯಾಗ ಅದನ್ನ ಅಂದಕೋತ ಇದ್ದ. ಸಾಯೂ ದಿನಾನೂ ಬಾಗಲಾ ತಗದಿಡು ಅಂದ.”

ಶ್ರೀಗಳು ನಡುಗಿದ್ದು ಆಗ. “ನಿಮ್ಮ ಗುರುತು ಆಕಿಗೆ ಹೆಂಗ ಸಿಗಬೇಕು? ನೀವು ಬರಲೇ ಇಲ್ಲಲ್ಲ.”

ರಾಜ, ಮಂತ್ರಿಗಳ ಪಾರ್ಟು ಮಾಡಿ ಗದ್ದಲ ಅಡಗಿಸುತ್ತಿದ್ದ ನಟರ ಕಂಠದಿಂದ ತಪ್ಪಾಯಿತೆಂಬ ಒಂದು ಮಾತು ಕಷ್ಟಪಟ್ಟು ಹೊರಟಿತು.

ನೀಲವ್ವ ಕರಗಲಿಲ್ಲ. “ಅದನ್ನ ಅವನ ಮುಂದ ಹೇಳಬೇಕಿತ್ತು. ಈಗ ಪಂಕ್ತಿಯೊಳಗ ಕೂಡು.”

ಕೂತರು. ಉಂಡು ತಟ್ಟೆ ತಾವೇ ತೊಳೆದರು. ಆಮೇಲೆ ಅವರ ಹ್ಯಾಂಡ್‌ಬಿಲ್ಲಿನಲ್ಲಿ ಬರೀ ಹೆಸರು ಉಳಿಯಿತು. ನೀಲವ್ವ ಬದುಕಿರುವತನಕ ಪ್ರತಿ ಅಮಾವಾಸ್ಯೆಗೆ ಬಂದು, ಆಕೆ ತೋರಿಸಿದ ಜಾಗದಲ್ಲೇ ಕೂತು ಉಂಡು ಹೋಗುತ್ತಿದ್ದರು. ನಾನೂ ಅಂದು ಅದೇ ಪಂಕ್ತಿಯಲ್ಲಿದ್ದೆ, ಹಾಗಾಗಿ ತಾರೀಖು ಮರೆತಿಲ್ಲ: ಸಾವಿರದ ಒಂಬೈನೂರ ಎಪ್ಪತ್ತೊಂದನೆಯ ಇಸವಿ, ಏಪ್ರಿಲ್ ಹನ್ನೆರಡು, ಸೋಮವಾರ.