ಅಗುಳಿ ಹೊರಗಿದ್ದ ಊರು

ಮೊದಲು ಒಂದು ಒಗಟು. ಹೊತ್ತಿಗೆ ಸರಿಯಾಗಿ ಊಟ, ತಲೆ ಮೇಲೆ ದೀಪ, ಕಾಲಡಿ ನುಣ್ಣನೆ ನೆಲ, ಕಳ್ಳರ ಕಾಟವಿಲ್ಲ, ಜಗಳವಿಲ್ಲ, ಆದರೂ ಬಾಗಿಲಿನ ಅಗುಳಿ ಹೊರಗಡೆ. ಏನದು?

ಜೈಲು ಅಂದಿರಿ ತಾನೆ? ತಪ್ಪು. ಕೋಳಿಗೂಡು? ಅರ್ಧ ತಪ್ಪು. ಬಿಡಿ, ನಿಮ್ಮ ಕೈಲಾಗಲ್ಲ. ಕತೆ ಕೇಳಿ.

ನೆಟ್ಟಗೆಪುರ ಅಂತ ಒಂದು ಊರು. ಅದರ ರಾಜ ಅಚಲವರ್ಮ. ಅವನ ಊರಿನ ರಸ್ತೆಗಳೆಲ್ಲ ದಾರ ಹಿಡಿದು ಎಳೆದ ಹಾಗೆ ನೇರ. ಅಡ್ಡ ಬಂದ ಬೆಟ್ಟಕ್ಕೆ ನೋಟೀಸು ಕೊಟ್ಟು ಖಾಲಿ ಮಾಡಿಸಿದ್ದರು. ನಡುಹಗಲಲ್ಲೂ ಬೀದಿದೀಪ ಉರಿಯುತ್ತಿತ್ತು, ಒಂದೊಂದು ದೀಪಕ್ಕೂ ಒಬ್ಬ ಕಾವಲುಗಾರ. ಊರ ನಡುವೆ ಭಾರೀ ಸೇತುವೆ. ಕೆಳಗೆ ನದಿ ಇರಲಿಲ್ಲ. ಬರಬೇಕು ಅಂತ ಅದಕ್ಕೂ ಆಜ್ಞೆ ಹೋಗಿತ್ತು. ಗಡಿಯಾರ ಹನ್ನೆರಡು ಹೊಡೆದಾಗ ಸೂರ್ಯ ನೆತ್ತಿಗೆ ಬಂದಿರದಿದ್ದರೆ ಆಸ್ಥಾನದ ಜ್ಯೋತಿಷಿಗೆ ಛಡಿ ಏಟು. ಕೋಟೆ ಬಾಗಿಲಿನ ಅಗುಳಿ ಮಾತ್ರ ಹೊರಗಡೆ ಇತ್ತು. ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ.

ಒಂದು ದಿನ ತುಂಬಿದ ಸಭೆಯಲ್ಲಿ ರಾಜ ಮೀಸೆ ತಿರುವಿದ.

"ಹನ್ನೆರಡು ವರ್ಷದಿಂದ ಒಂದು ಗಲಾಟೆ ಇಲ್ಲ, ಒಂದು ದೂರು ಇಲ್ಲ. ಒಬ್ಬನೇ ಒಬ್ಬ ಊರು ಬಿಟ್ಟು ಹೋಗಿಲ್ಲ. ಇದಕ್ಕಿಂತ ಗೆದ್ದ ರಾಜ್ಯ ಇನ್ನೊಂದಿದೆಯೇ?"

"ಹಾ... ಕ್ಷೀ!"

ಸೀನಿದ್ದು ನಗಾರಿ ಬಾರಿಸುವ ಚೆನ್ನಿಗಯ್ಯ. ಅದೂ ಒಂದೇ ಒಂದು ಸೀನು.

"ಒಂಟಿ ಸೀನು!" ರಾಜ ಎದ್ದು ನಿಂತ. "ನನ್ನ ಮಾತಿಗೆ ಅಪಶಕುನ! ಒಳಗೆ ಹಾಕಿ ಇವನನ್ನ. ಎರಡನೇ ಸೀನು ಬಂದು ಜೋಡಿಯಾದ ಮೇಲೆ ಬಿಡಿ."

ಚೆನ್ನಿಗಯ್ಯನ ಹೆಂಡತಿ ದೇವೀರಮ್ಮ ವಿದೂಷಕ ಮಲ್ಲಾರಿಯ ಮನೆಗೆ ಓಡಿದಳು.

"ಅಣ್ಣಾ, ಅವರಿಗೆ ಬರೀ ನೆಗಡಿ ಕಣಣ್ಣ. ಮೂರು ದಿನದಿಂದ ಮೂಗಿಗೆ ಹುಲ್ಲುಕಡ್ಡಿ ಹಾಕ್ಕೊಂಡು ಕೂತಿದಾರೆ. ಭಯಕ್ಕೆ ನೆಗಡೀನೇ ಓಡಿಹೋಗಿದೆ, ಸೀನು ಎಲ್ಲಿಂದ ಬರುತ್ತೆ?"

"ಕೋಳಿ ಸಾಕಿದೀಯೇನಮ್ಮ ತಂಗಿ?"

"ಏಳು ಹೇಂಟೆ, ಒಂದು ಹುಂಜ. ಯಾಕಣ್ಣ?"

"ಕೊಟ್ಟಿರು. ಸಾರಿಗಲ್ಲ, ಹೆದರಬೇಡ."

ಮಲ್ಲಾರಿ ರಾಜನ ಮುಂದೆ ಕೈ ಮುಗಿದ. "ಪ್ರಭು, ರಾಜ್ಯ ಗೆದ್ದಿದೆಯೋ ಇಲ್ಲವೋ ಅಂತ ಮನುಷ್ಯರನ್ನ ಕೇಳಿದರೆ ತಲೆ ಆಡಿಸ್ತಾರೆ. ಕೋಳಿಗಳನ್ನ ಕೇಳೋಣ."

"ಕೇಳು. ನನ್ನ ಊರಿನ ಸುಖ ಕೊಟ್ಟರೆ ಯಾವ ಪ್ರಾಣಿಯೂ ಬಿಟ್ಟು ಹೋಗಲ್ಲ. ಹೋದರೆ ಚೆನ್ನಿಗಯ್ಯ ಹೊರಗೆ. ಹೋಗದಿದ್ದರೆ ನೀನೂ ಒಳಗೆ, ಅವನ ಮೂಗಿಗೆ ಕಡ್ಡಿ ಹಾಕ್ತಾ ಕೂತಿರು."

ಅರಮನೆ ಅಂಗಳದಲ್ಲಿ ಗೂಡು ಎದ್ದಿತು. ಅಮೃತಶಿಲೆ ನೆಲ, ಬೆಳ್ಳಿ ತಟ್ಟೆ, ಮೂರು ದೀಪ, ಒಂದು ಪುಟ್ಟ ಗಡಿಯಾರ, ಕೋಳಿಗಳಿಗೂ ಒಂದು ಸೇತುವೆ. ಹೊಸ ಗೂಡಿಗೆ ಹೊಂದಿಕೊಳ್ಳಲಿ ಅಂತ ಎಂಟು ದಿನ ಅಗುಳಿ ಹಾಕಿಟ್ಟರು. ರಾಜ ದಿನಾ ಬಂದು ನೋಡುತ್ತಿದ್ದ. "ನೋಡೋ ಮಲ್ಲಾರಿ, ಎಷ್ಟು ಶಾಂತವಾಗಿವೆ!"

ಒಂಬತ್ತನೇ ಬೆಳಿಗ್ಗೆ ಮಲ್ಲಾರಿ ಅಗುಳಿ ಸರಿಸಿದ. ಕೋಳಿಗಳು ಒಂದರ ಮೇಲೊಂದು ಬಿದ್ದು ಹೊರಗೆ ನುಗ್ಗಿ, ಕುದುರೆ ಲಾಯದ ಹಿಂದಿನ ತಿಪ್ಪೆಗೆ ಹಾರಿದವು.

"ಬೆಳ್ಳಿ ತಟ್ಟೆ ಬಿಟ್ಟು ತಿಪ್ಪೆಗೆ?" ರಾಜನ ಕಿರೀಟ ವಾಲಿತು.

"ತಟ್ಟೇಲಿ ಏನಿದೆ ಅಂತ ಅವಕ್ಕೆ ಗೊತ್ತು ಪ್ರಭು. ತಿಪ್ಪೇಲಾದರೆ ಕೆದಕಿ ನೋಡಬಹುದು."

ರಾಜ ಮುಖ ಊದಿಸಿಕೊಂಡು ಸಂಜೆಯವರೆಗೆ ಅಲ್ಲೇ ಕೂತ. ಪಾಪ, ಅವನು ಕೋಳಿಯನ್ನು ಸಾರಿನಲ್ಲಿ ಮಾತ್ರ ನೋಡಿದ್ದವನು. ಹೊತ್ತು ಮುಳುಗುವಾಗ ಏಳೂ ಹೇಂಟೆಗಳು ತಾವಾಗೇ ಸಾಲಾಗಿ ಬಂದು ಗೂಡು ಸೇರಿದ್ದು ನೋಡಿ ಕುಣಿದೇ ಬಿಟ್ಟ. ಹುಂಜ ಮಾತ್ರ ಕೋಟೆ ಗೋಡೆ ಮೇಲೆ ಕೂತಿತ್ತು, ಅದನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ.

"ವಾಪಸ್ ಬಂದವು! ನಾನೇ ಗೆದ್ದೆ! ನಡಿಯೋ ಮಲ್ಲಾರಿ, ಒಳಗೆ!"

ಕೋಳಿ ನೋಡಲು ಬಂದಿದ್ದ ದೇವೀರಮ್ಮನ ಮುಖ ಬಾಡಿಹೋಯಿತು. ಮಲ್ಲಾರಿ ಮಾತ್ರ ಹಲ್ಲು ಕಿರಿದ.

"ಗೆದ್ದದ್ದು ಗೂಡು ಪ್ರಭು. ಅದೂ ಬೆಳಿಗ್ಗೆ ಅಗುಳಿ ತೆಗೆದಿದ್ದಕ್ಕೆ ಈಗ ಗೊತ್ತಾಯ್ತು. ಎಂಟು ದಿನ ಅವು ಸುಮ್ಮನಿದ್ದದ್ದು ಸುಖಕ್ಕೋ ಅಗುಳಿಗೋ ಅಂತ ನಿಮಗೂ ಗೊತ್ತಿರಲಿಲ್ಲ, ನನಗೂ ಇಲ್ಲ. ಕೋಟೆ ಬಾಗಿಲನ್ನೂ ಒಂದು ದಿನ ಹಾಗೇ ತೆಗೆದಿಡಿ. ಸಂಜೆ ಎಷ್ಟು ಜನ ವಾಪಸ್ ಬರ್ತಾರೋ ಅಷ್ಟು ಗೆದ್ದಿದ್ದೀರಿ. ಆಮೇಲೆ ನನ್ನನ್ನ ಒಳಗೆ ಹಾಕಿ."

ರಾಜ ಕೋಟೆ ಬಾಗಿಲ ಕಡೆ ನೋಡಿದ. ಗೂಡಿನ ಕಡೆ ನೋಡಿದ. ಆಮೇಲೆ ಮಲ್ಲಾರಿಯ ಕಿವಿ ಹತ್ತಿರ ಬಂದು ಮೆಲ್ಲಗೆ ಕೇಳಿದ, "ಲೋ... ಯಾರೂ ಬರದಿದ್ದರೆ?"

"ಅಯ್ಯೋ ಪ್ರಭು!" ಮಲ್ಲಾರಿ ಚಪ್ಪಾಳೆ ತಟ್ಟಿದ. "ಅವತ್ತು ಚೆನ್ನಿಗಯ್ಯ ಸೀನಿದ್ದು ಇದೇ ಅನುಮಾನಾನ! ಈಗ ನೀವೂ ಸೀನಿದಿರಿ. ಜೋಡಿ ಆಯ್ತು, ಬಿಟ್ಟುಬಿಡಿ ಅವನನ್ನ!"

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ತನಗೊಬ್ಬನಿಗೇ ಅಂತ ಇದ್ದ ಪುಟ್ಟ ದಿಡ್ಡಿ ಬಾಗಿಲಿನಿಂದ ಹೊರಗೆ ಹೋಗಿ, ಅಗುಳಿಯ ಮೇಲೆ ಕೈಯಿಟ್ಟು, ಸರ್ರನೆ ಎಳೆದ. ಚೆನ್ನಿಗಯ್ಯ ನಗಾರಿ ಬಾರಿಸುತ್ತಾ ಮನೆಗೆ ಹೋದ. ಮರುದಿನ ಊರಿಗೆ ಊರೇ ಹೊರಗೆ ಹೋಗಿ, ಸುತ್ತಾಡಿ, ಸಂಜೆ ವಾಪಸ್ ಬಂತು. ಬರುವಾಗ ಸೇತುವೆ ಕೆಳಗೆ ಹಾಕೋಕೆ ಒಂದು ನದಿಯನ್ನೂ ಹಿಡಿದುಕೊಂಡು ಬಂತು.

ನಿಜ ಹೇಳಲಾ? ಈ ಕೊನೆ ನಾನೇ ಕಟ್ಟಿದ್ದು. ರಾಜ ಅಗುಳಿಯ ಮೇಲೆ ಕೈಯಿಟ್ಟ, ಅಲ್ಲಿಯವರೆಗೆ ಮಾತ್ರ ನಿಜ. ಅಷ್ಟನ್ನ ನೋಡಿ ಗೋಡೆ ಹಾರಿ ಬಂದ ಹುಂಜ ಹೇಳಿದ್ದು. ಆಮೇಲೆ ಎಳೆದನೋ ಬಿಟ್ಟನೋ ಗೊತ್ತಿಲ್ಲ. ಹೇಳೋಕೆ ಆ ಊರಿನಿಂದ ಇನ್ನೂ ಯಾರೂ ಹೊರಗೆ ಬಂದಿಲ್ಲ.